ಕೇಪಿನ ಜೋಡುನಳಿಗೆ ಕೋವಿಗೆ ಮರದ ಪೆಟ್ಟಿಗೆ: ಯಾವ ಮರ, ಯಾವ ಬಟ್ಟೆ, ಯಾವ ಅಂಟು?

ಜೋಡುನಳಿಗೆ_ಜಯನಗರ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಲೈಸೆನ್ಸ್ ಇರುವ ಹಳೇ ಕೇಪಿನ ಕೋವಿ ಒಂದಿದೆ. ಇಂಗ್ಲಿಷ್ ಮಾದರಿಯ ಜೋಡುನಳಿಗೆ, ಬಾಯಿಂದ ಮದ್ದು ತುಂಬಿ, ಕೇಪು (ಬಡಿದರೆ ಕಿಡಿ ಕೊಡುವ ಸಣ್ಣ ಲೋಹದ ಟೊಪ್ಪಿ) ಇಡುವಂಥದ್ದು. ಅಡ್ಡ ಬೆಣೆ ಎಳೆದರೆ ನಳಿಗೆ ಬೇರೆ, ಲಾಕುಗಳ (ಕೋವಿ ಹಾರಿಸುವ ಯಂತ್ರಭಾಗ) ಸಮೇತ ಮರದ ಸ್ಟಾಕ್ (ಹಿಡಿ) ಬೇರೆ ಆಗುತ್ತದೆ. ಇದಕ್ಕೆ ಹಳೇ ಲಂಡನ್ ಪೆಟ್ಟಿಗೆಗಳ ಹಾಗೆ, ಹಸಿರು ಬಟ್ಟೆ ಹಾಸಿ ಖಾನೆ ಮಾಡಿದ ಪೆಟ್ಟಿಗೆ ಕಟ್ಟಬೇಕು ಅಂತ ಆಸೆ. ಮರಗೆಲಸ ನನಗೆ ತಕ್ಕಮಟ್ಟಿಗೆ ಬರುತ್ತದೆ, ಗರಗಸ ಓಡಿಸಲು ಮತ್ತು ಪಾಲಿಷ್‌ಗೆ ಮಾತ್ರ ಒಬ್ಬರು ಆಚಾರರ ಸಹಾಯ ತೆಗೆದುಕೊಳ್ಳುತ್ತೇನೆ.

ಅಳತೆ ಹೀಗಿದೆ. ನಳಿಗೆ, ಹಿಂದಿನ ಕೊಕ್ಕೆ ಸೇರಿ, 776 ಮಿ.ಮೀ. ಉದ್ದ, ಬುಡದಲ್ಲಿ 52 ಮಿ.ಮೀ. ಅಗಲ. ಸ್ಟಾಕ್ 705 ಮಿ.ಮೀ. ಉದ್ದ, ಹಿಂಭಾಗದ ಎತ್ತರ 130, ದಪ್ಪ 44. ಎರಡು ಕುದುರೆಗಳ (ಕೇಪಿಗೆ ಬಡಿಯುವ ಸುತ್ತಿಗೆ) ಹೊರ ಅಂಚಿನಿಂದ ಹೊರ ಅಂಚಿಗೆ 74. ಜೊತೆಗೆ ಮದ್ದಿನ ತಾಮ್ರದ ಕುಪ್ಪಿ, ಚರೆ (ಸೀಸದ ಸಣ್ಣ ಗುಂಡು) ತುಂಬುವ ಚರ್ಮದ ಚೀಲ, ಕೇಪಿನ ಡಬ್ಬಿ, ನಿಪ್ಪಲ್ (ಕೇಪು ಕೂರುವ ತೊಟ್ಟು) ಬಿಚ್ಚುವ ಕೀಲಿ, ಒಂದು ತಿರುಪುಳಿ.

ಆಚಾರರು 18 ಮಿ.ಮೀ. ಪ್ಲೈವುಡ್‌ಗೆ ತೇಗದ ವೆನೀರ್ ಹಾಕಿ, ಒಳಗೆ ಫೋಮ್ ಇಟ್ಟು ವೆಲ್ವೆಟ್ ಅಂಟಿಸಿದರೆ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ಅಂಟಿಗೆ ಫೆವಿಕಾಲ್. ಇದು ಸರಿಯೇ? ಇಲ್ಲವಾದರೆ ಯಾವ ಮರ, ಎಷ್ಟು ದಪ್ಪ, ಬಟ್ಟೆ ಎಲ್ಲಿಂದ, ಅಂಟು ಯಾವುದು? ತಿಳಿದವರು ಬಿಡಿಸಿ ಹೇಳಿ.

---

ಕೀಸುಳಿ

ಸರ್, ಮೊದಲು ಅಳತೆಯ ವಿಷಯ. ಪೆಟ್ಟಿಗೆ ಹೊರಗಿನಿಂದ ಒಳಕ್ಕೆ ಕಟ್ಟುವ ವಸ್ತುವಲ್ಲ, ಕೋವಿಯಿಂದ ಹೊರಕ್ಕೆ ಬರಬೇಕು. ಕಂದು ಕಾಗದ ಹಾಸಿ, ಬಿಚ್ಚಿದ ನಳಿಗೆ, ಸ್ಟಾಕ್, ಕುಪ್ಪಿ ಎಲ್ಲವನ್ನೂ ಹೇಗೆ ಕೂರಬೇಕೋ ಹಾಗೆ ಇಡಿ. ಪೆನ್ಸಿಲ್ ನೇರ ನಿಲ್ಲಿಸಿ ಸುತ್ತ ಗೆರೆ ಎಳೆಯಿರಿ. ಪೆನ್ಸಿಲ್ ದಪ್ಪದಿಂದಾಗಿ ಗೆರೆ 3 ಮಿ.ಮೀ.ಯಷ್ಟು ಹೊರಗೆ ಬರುತ್ತದೆ, ಬಟ್ಟೆಗೆ ಬೇಕಾದ ಜಾಗ ಅದರಲ್ಲೇ ಸಿಕ್ಕಿಬಿಡುತ್ತದೆ. ಸ್ಟಾಕಿನ ಹಿಂಭಾಗ ದಪ್ಪ, ಮುಂಭಾಗ ಸಣ್ಣ. ಹಾಗಾಗಿ ಸಣ್ಣಗಿರುವ ಕಡೆ ಉಳಿಯುವ ಜಾಗದಲ್ಲಿ ಕುಪ್ಪಿ, ಚೀಲ, ಡಬ್ಬಿ ಕೂರುತ್ತವೆ. ನಿಮ್ಮ ಅಳತೆಗೆ ಒಳಗೆ 790 ಉದ್ದ, 225 ಅಗಲ ಸಾಕು.

ಎತ್ತರದಲ್ಲೇ ಎಲ್ಲರೂ ಎಡವುವುದು. ಸ್ಟಾಕನ್ನು ಮಗ್ಗುಲಾಗಿ ಮಲಗಿಸಿದರೆ ಕೆಳಗಿನ ಕುದುರೆ ನೆಲಕ್ಕೆ ತಾಗಿ, ಇಡೀ ಭಾರ ಅದರ ಮೇಲೆ ಬೀಳುತ್ತದೆ. ಲೆಕ್ಕ ನೋಡಿ: ನಡುಗೆರೆಯಿಂದ ಕುದುರೆ 37 ಮಿ.ಮೀ. ಹೊರಗೆ, ಸ್ಟಾಕಿನ ಹಿಂಭಾಗ 22 ಮಾತ್ರ. ವ್ಯತ್ಯಾಸ 15. ಅಂದರೆ ಹಿಂಭಾಗದ ಕೆಳಗೆ 18 ಮಿ.ಮೀ.ಯ ದಿಮ್ಮಿ ಇಟ್ಟರೆ ಕುದುರೆ ನೆಲದಿಂದ 3 ಮಿ.ಮೀ. ಮೇಲೆ ತೂಗುತ್ತದೆ. ಮುಂಭಾಗ ಇನ್ನೂ ಸಣ್ಣ ಇರುವುದರಿಂದ ಅಲ್ಲಿಯ ದಿಮ್ಮಿ ಅಷ್ಟೇ ಎತ್ತರ ಜಾಸ್ತಿ. ಈ ದಿಮ್ಮಿ ಇಲ್ಲದ ಪೆಟ್ಟಿಗೆಯಲ್ಲಿ ಕುದುರೆ ಬಟ್ಟೆ ಹರಿದು ಮರ ಮುಟ್ಟುತ್ತದೆ, ಇನ್ನೊಂದು ಕಡೆ ಸ್ಟಾಕಿನ ತೆಳು ಕತ್ತಿನ ಮೇಲೆ ತಿರುಚು ಬೀಳುತ್ತದೆ. ಹಳೇ ಸ್ಟಾಕುಗಳು ಬಿರುಕು ಬಿಡುವ ಜಾಗವೇ ಅದು. ದಿಮ್ಮಿ, ಎರಡು ಪದರ ಬಟ್ಟೆ, ಮೇಲಿನ ಕುದುರೆ ಎಲ್ಲ ಸೇರಿ 79 ಆಗುತ್ತದೆ. ಮುಚ್ಚಳದ ಬಟ್ಟೆಗೆ 1, ಗಾಳಿಗೆ 4. ಒಳ ಎತ್ತರ 84 ಇಟ್ಟುಕೊಳ್ಳಿ: ಕೆಳಭಾಗ 56, ಮುಚ್ಚಳ 28.

ಮರ 12 ಮಿ.ಮೀ. ದಪ್ಪ, ಮೇಲ್ಹಲಗೆ 9, ತಳ 8. 18 ಮಿ.ಮೀ. ಬೇಡವೇ ಬೇಡ, ಪೆಟ್ಟಿಗೆ ಟ್ರಂಕಿನ ಹಾಗೆ ಕಾಣುತ್ತದೆ, ಎತ್ತಲೂ ಭಾರ. ಹಳೇ ಇಂಗ್ಲಿಷ್ ಪೆಟ್ಟಿಗೆಗಳಲ್ಲಿ ಮಹಾಗನಿ ಜಾಸ್ತಿ, ನಂತರದವುಗಳಲ್ಲಿ ಓಕ್ ಕೂಡ ಸಾಕಷ್ಟು. ಬೆಂಗಳೂರಲ್ಲಿ ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಲೇಔಟ್ ಕಡೆ ಹುಡುಕಿ. ಹೊಸದಾಗಿ ಕೊಯ್ದ ಹಲಗೆ ಬೇಡ, ಹಳೇ ಮನೆ ಕೆಡವಿದ ಮರ ಸಿಕ್ಕರೆ ಮೊದಲ ಆಯ್ಕೆ ಅದೇ. ಹಲಗೆಯ ತುದಿಯಲ್ಲಿ ಉಂಗುರದ ಗೆರೆಗಳು ಅಗಲದ ಮುಖಕ್ಕೆ ಹೆಚ್ಚು ಕಡಿಮೆ ನೇರವಾಗಿ ನಿಂತಿರುವ ತುಂಡನ್ನೇ ಮುಚ್ಚಳಕ್ಕೆ ಆರಿಸಿ. ಮಾರ್ಚ್‌ನ ಒಣಹವೆಗೂ ಆಗಸ್ಟ್‌ನ ತೇವಕ್ಕೂ ನಡುವೆ ಮರದ ತೇವಾಂಶ ನಾಲ್ಕು ಶೇಕಡಾದಷ್ಟು ಬದಲಾಯಿತು ಅಂದರೆ, 250 ಮಿ.ಮೀ. ಅಗಲದ ಮಹಾಗನಿ ಹಲಗೆ ಒಂದರಿಂದ ಒಂದೂವರೆ ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ನಿಂತ ಗೆರೆಯ ಹಲಗೆಯಲ್ಲಿ ಅದು ಕಡಿಮೆ. ನಾಲ್ಕೂ ಕಡೆ ಗಟ್ಟಿಯಾಗಿ ಅಂಟಿಸಿದ ಮುಚ್ಚಳ ಬೇಸಿಗೆಯಲ್ಲಿ ನಡುವೆ ಸೀಳುತ್ತದೆ. ಹಳೇ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಉದ್ದ ಸೀಳು ಇದೇ ಕಾರಣದ್ದು. ಹಾಗಾಗಿ ಮೇಲ್ಹಲಗೆಯನ್ನು ಚೌಕಟ್ಟಿನ ಒಳಗೆ ಗಾಡಿ (ಉದ್ದ ಕಾಲುವೆ) ಹೊಡೆದು ಕೂರಿಸಿ. ಎರಡು ಕಿರುಬದಿಗಳ ನಡುಮಧ್ಯೆ ಮಾತ್ರ ಒಂದೊಂದು ಹನಿ ಅಂಟು, ಉಳಿದದ್ದು ಸಡಿಲ. ತಳವನ್ನು ಅಂಟಿಸದೆ ಹಿತ್ತಾಳೆ ಸ್ಕ್ರೂ ಹಾಕಿ, ಹಲಗೆ ಹಿಗ್ಗಿ ಕುಗ್ಗಲು ಜಾಗ ಇರುವಂತೆ ತೂತನ್ನು ಮರದ ಗೆರೆಗೆ ಅಡ್ಡಲಾಗಿ ಉದ್ದಕ್ಕೆ ಕೊರೆಯಿರಿ.

ಮುಚ್ಚಳ, ತಳಗಳನ್ನು ಬೇರೆ ಬೇರೆ ಮಾಡಲು ಹೋಗಬೇಡಿ. ಪೂರ್ತಿ ಮುಚ್ಚಿದ ಡಬ್ಬಿಯಾಗಿ ಕಟ್ಟಿ, ಆಮೇಲೆ ಗರಗಸದಲ್ಲಿ ಕೊಯ್ದು ಎರಡು ಮಾಡಿ. ಆಗ ಮರದ ಗೆರೆ ಮುಚ್ಚಳದಿಂದ ಕೆಳಕ್ಕೆ ಒಂದೇ ಸಮನೆ ಹರಿಯುತ್ತದೆ, ಮೂಲೆಗಳೂ ತಪ್ಪದೆ ಕೂಡುತ್ತವೆ. ಗರಗಸ 3 ಮಿ.ಮೀ. ತಿನ್ನುತ್ತದೆ, ಅದಕ್ಕೆ ಡಬ್ಬಿಯ ಹೊರ ಎತ್ತರ 101ರ ಬದಲು 104 ಇರಲಿ. ಮೂಲೆಗೆ ಡವ್‌ಟೇಲ್ (ಹಲ್ಲಿಗೆ ಹಲ್ಲು ಸೇರಿಸುವ ಕೂಡಿಕೆ) ಹಾಕುವುದಾದರೆ ಕೊಯ್ಯುವ ಗೆರೆ ಒಂದು ಅಗಲವಾದ ಹಲ್ಲಿನ ಮಧ್ಯೆಯೇ ಬರುವ ಹಾಗೆ ಮೊದಲೇ ಗುರುತು ಮಾಡಿ. ಟೇಬಲ್ ಗರಗಸದಲ್ಲಿ ಕಿರುಬದಿಗಳನ್ನು ಪೂರ್ತಿ ಕೊಯ್ದು, ಆ ಸೀಳಿಗೆ 3 ಮಿ.ಮೀ. ದಪ್ಪದ ಚಕ್ಕೆ ಸಿಕ್ಕಿಸಿ ಟೇಪ್ ಸುತ್ತಿ. ಉದ್ದಬದಿಗಳಲ್ಲಿ ಒಳಗೆ 1 ಮಿ.ಮೀ. ಉಳಿಯುವಷ್ಟು ಮಾತ್ರ ಕೊಯ್ದು, ಉಳಿದದ್ದನ್ನು ಕೈಗರಗಸದಲ್ಲಿ ಬಿಡಿಸಿ. ಇಲ್ಲದಿದ್ದರೆ ಕೊನೆಯ ಇಂಚಿನಲ್ಲಿ ಮುಚ್ಚಳ ಕುಸಿದು ಅಲಗನ್ನು ಕಚ್ಚಿಕೊಂಡು, ಅಂಚಿನಲ್ಲಿ ಸುಟ್ಟ ಕಲೆ ಬೀಳುತ್ತದೆ.

---

ತುಕ್ಕುವೈರಿ

ಕೀಸುಳಿಯವರು ಕಟ್ಟುವ ರೀತಿ ಹೇಳಿದ್ದಾರೆ. ನಾನು ಹೇಳುವುದು ಪೆಟ್ಟಿಗೆಯೊಳಗಿನ ಗಾಳಿಯ ಬಗ್ಗೆ. ಮುಚ್ಚಿದ ಪೆಟ್ಟಿಗೆಯಲ್ಲಿ ಮರ, ಅಂಟು, ಬಟ್ಟೆ ಮೂರೂ ಆವಿ ಬಿಡುತ್ತವೆ. ಆ ಆವಿಗೆ ಹೋಗಲು ದಾರಿ ಇರುವುದಿಲ್ಲ, ಎದುರಿಗೆ ಸಿಗುವುದು ಕಬ್ಬಿಣ ಒಂದೇ.

ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ) ಕೋವಿ ಪೆಟ್ಟಿಗೆಗೆ ಬೇಡ. ಅವುಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ನಿಧಾನವಾಗಿ ಫಾರ್ಮಿಕ್ ಆಮ್ಲವಾಗುತ್ತದೆ. ಘನಮರದಲ್ಲೂ ಎಲ್ಲ ಒಂದೇ ಅಲ್ಲ. ಲೋಹಕ್ಕೆ ಅತಿ ಕೆಟ್ಟದ್ದು ಓಕ್ ಮತ್ತು ಯೂರೋಪಿನ ಸಿಹಿ ಚೆಸ್ಟ್‌ನಟ್, ಅವು ಅಸಿಟಿಕ್ ಆಮ್ಲದ ಆವಿಯನ್ನು ಚೆನ್ನಾಗಿಯೇ ಬಿಡುತ್ತವೆ. ತೇಗ ನಡುಮಟ್ಟದ್ದು. ಆಫ್ರಿಕನ್ ಮಹಾಗನಿ, ವಾಲ್ನಟ್ ಸೌಮ್ಯ. ಕಾಫಿ ತೋಟದ ಸಿಲ್ವರ್ ಓಕ್ ಹೆಸರಿಗೆ ಓಕ್, ಜಾತಿಯೇ ಬೇರೆ, ಗಾಬರಿ ಬೇಡ. ಆದರೆ ಮೆದು ಮರ, ಹಿಂಜ್ ಸ್ಕ್ರೂ ಹಿಡಿದು ನಿಲ್ಲುವುದಿಲ್ಲ. ನನ್ನ ಆಯ್ಕೆ ಮಹಾಗನಿ. ಹಳೇ ತೇಗ ಸಿಕ್ಕರೆ ಅದೂ ಆಗುತ್ತದೆ, ಒಳಮೈಗೆ ಎರಡು ಕೈ ಅರಗಿನ ಪಾಲಿಷ್ ಕೊಟ್ಟರೆ ಸಾಕಷ್ಟು ಆವಿ ತಡೆಯುತ್ತದೆ. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ, ಒಂದು ರಾತ್ರಿ ನೆನೆಸಿ ಸೋಸಿ. ಮಳೆ ಹಿಡಿದಿರುವ ದಿನ ಹಚ್ಚಬೇಡಿ, ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ತೇವ ಎಳೆದುಕೊಂಡು ಬಿಳಿ ಮಂಜು ಕಟ್ಟುತ್ತದೆ. ಒಳಗೆ ಅಗಸೆ ಎಣ್ಣೆ ಹಚ್ಚುವ ಪದ್ಧತಿ ಬಿಡಿ. ಎಣ್ಣೆ ಒಣಗುವುದೆಂದರೆ ತಿಂಗಳುಗಟ್ಟಲೆ ಆಮ್ಲದ ಆವಿ ಬಿಡುವುದು ಅಂತಲೇ ಅರ್ಥ.

ಫೆವಿಕಾಲ್ ಎಸ್‌ಎಚ್ ಥರದ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್. ಮರದ ಕೂಡಿಕೆಗೆ ಬಳಸಿ, ತೊಂದರೆ ಇಲ್ಲ, ಅಲ್ಲಿ ಅದು ಮರದೊಳಗೆ ಅಡಗಿರುತ್ತದೆ. ಬಟ್ಟೆಯ ಹಿಂದೆ ಇಡೀ ಮೈಗೆ ಬಳಿದರೆ ಅದೇ ಅಸಿಟಿಕ್ ಆವಿಯ ಮೂಲ. ಫೋಮ್ ಅಂತೂ ಬೇಡ: ಪಾಲಿಯುರಿಥೇನ್ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿ ಪುಡಿಯಾಗಿ, ಅಂಟಂಟಾಗಿ ನಳಿಗೆಯ ಕಂದು ಬಣ್ಣಕ್ಕೇ ಹಿಡಿದುಕೊಳ್ಳುತ್ತದೆ. ರೆಕ್ಸಿನ್‌ನಲ್ಲಿ ಪಿವಿಸಿ ಇರುತ್ತದೆ, ಅದು ಕೆಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಹದ ಮಾಡಿದ ಚರ್ಮದಲ್ಲಿ ಲವಣ, ಆಮ್ಲ ಉಳಿದಿರುತ್ತವೆ. ಚರೆಯ ಚೀಲವನ್ನು ಖಾನೆಯಲ್ಲಿ ನಳಿಗೆಗೆ ತಾಗದ ಕಡೆ ಇಡಿ.

ಇನ್ನೊಂದು ಮುಖ್ಯ ಮಾತು ಸೀಸದ್ದು. ಚೀಲದಲ್ಲಿ ಹಳೇ ಚರೆ ಉಳಿದಿದ್ದರೆ ಬೆಳಕಿಗೆ ಹಿಡಿದು ನೋಡಿ. ಮೇಲೆ ಹಿಟ್ಟಿನಂಥ ಬಿಳಿ ಪುಡಿ ಕಂಡರೆ ಅದು ಸೀಸದ ಕಾರ್ಬೊನೇಟ್, ಆಮ್ಲದ ಆವಿ ತಿಂದ ಗುರುತು. ಅದು ವಿಷ, ಊದಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸೀಸವನ್ನು ಪೆಟ್ಟಿಗೆಯಲ್ಲಿ ಇಡದಿರುವುದೇ ಕ್ಷೇಮ. ಹಳೇ ಮದ್ದು, ಕೇಪುಗಳನ್ನೂ ಇಡಬೇಡಿ, ಖಾಲಿ ಡಬ್ಬಿ, ಖಾಲಿ ಕುಪ್ಪಿ ಸಾಕು.

ಬಟ್ಟೆಯೋ ಅಂಟೋ ಸರಿಯಿದೆಯೇ ಅಂತ ಅನುಮಾನ ಬಂದರೆ ಪರೀಕ್ಷೆ ಮಾಡಿ. ವಸ್ತುಸಂಗ್ರಹಾಲಯದವರು ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ಬಟ್ಟೆಯ ಜೊತೆ ಮುಚ್ಚಿದ ಗಾಜಿನಲ್ಲಿ ಸ್ವಲ್ಪ ನೀರಿನೊಂದಿಗೆ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಮನೆಯಲ್ಲಿ ಎರಡು ಜಾಮ್ ಬಾಟಲಿ ಸಾಕು. ಎರಡರಲ್ಲೂ ಎಮೆರಿ ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಮೊಳೆ (ಸತುವಿನ ಲೇಪ ಇರಬಾರದು) ದಾರದಲ್ಲಿ ತೂಗಿಬಿಡಿ. ತಳದಲ್ಲಿ ಒದ್ದೆ ಹತ್ತಿ, ಮೊಳೆಗೆ ತಾಗದಂತೆ. ಒಂದರಲ್ಲಿ ಮಾತ್ರ ಅಂಟಿಸಿದ ಬಟ್ಟೆಯ ತುಂಡು. ಬಿಸಿಲು ಬೀಳುವ ತಾರಸಿಯಲ್ಲಿ ನಾಲ್ಕು ವಾರ. ಬಟ್ಟೆ ಇರುವ ಬಾಟಲಿಯ ಮೊಳೆ ಇನ್ನೊಂದಕ್ಕಿಂತ ಹೆಚ್ಚು ಕೆಂಪಾದರೆ ಆ ಬಟ್ಟೆಯನ್ನು ಬಿಟ್ಟುಬಿಡಿ.

---

ಹಸಿರುಬಟ್ಟೆ

ಬಟ್ಟೆಯ ಭಾಗ ನಾನು ಹೇಳುತ್ತೇನೆ. ಎರಡು ಶೈಲಿ ಇವೆ. ಫ್ರೆಂಚ್ ಪೆಟ್ಟಿಗೆಯಲ್ಲಿ ಕೋವಿಯ ಆಕಾರಕ್ಕೆ ಮರವನ್ನೇ ಕೆತ್ತಿ ವೆಲ್ವೆಟ್ ಹೊದಿಸುತ್ತಾರೆ. ಇಂಗ್ಲಿಷ್ ಶೈಲಿಯಲ್ಲಿ ತಳ ಚಪ್ಪಟೆ, ತೆಳು ಹಲಗೆಯ ಖಾನೆಗಳು, ಮೇಲೆ ಉಣ್ಣೆಯ ಬೇಜ್ ಬಟ್ಟೆ. ನಿಮಗೆ ಬೇಕಿರುವುದು ಎರಡನೆಯದು, ಅದಕ್ಕೆ ವೆಲ್ವೆಟ್ ಹೊಂದುವುದೇ ಇಲ್ಲ.

ಬೇಜ್ ಅಂತ ಕೇಳಿದರೆ ಚಿಕ್ಕಪೇಟೆಯಲ್ಲಿ ಪಾಲಿಯೆಸ್ಟರ್ ಫೆಲ್ಟ್ ಕೊಡುತ್ತಾರೆ. ಅದರಲ್ಲಿ ನೇಯ್ಗೆ ಇರುವುದಿಲ್ಲ, ಅಂಚಿನ ಮೇಲೆ ಮಡಚಿ ಎಳೆದರೆ ಹಿಂಜಿ ಬರುತ್ತದೆ, ಮೂಲೆಯಲ್ಲಿ ಬಿಳಿಚುತ್ತದೆ. ಸ್ನೂಕರ್, ಬಿಲಿಯರ್ಡ್ಸ್ ಟೇಬಲ್‌ಗೆ ಹೊಸ ಬಟ್ಟೆ ಹಾಕುವವರನ್ನು ಕೇಳಿ. ಬೆಂಗಳೂರಲ್ಲಿ ಆ ಆಟಕ್ಕೆ ಬರವಿಲ್ಲ, ಆ ಕೆಲಸದವರೂ ಇದ್ದಾರೆ. ಟೇಬಲ್ಲಿನ ಬದಿಗೆ ಕತ್ತರಿಸಿ ಉಳಿದ ಹೊಸ ಪಟ್ಟಿಗಳು ಸಿಗುತ್ತವೆ. ಉಣ್ಣೆಯೇ ಅಂತ ಖಾತ್ರಿಗೆ ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ನೈಲಾನ್ ಬೆರೆತಿದ್ದರೆ ಗಟ್ಟಿ ಮಣಿ ಉಳಿಯುತ್ತದೆ. ನಿಮಗೆ ಮುಚ್ಚಳ, ತಳ, ಗೋಡೆ, ಖಾನೆ ಎಲ್ಲ ಸೇರಿ ಒಂದು ಮೀಟರ್‌ಗೆ ಒಂದು ಮೀಟರ್ ತುಂಡು ಸಾಕು, ಕತ್ತರಿಸುವಾಗ ಹಾಳಾಗುವುದೂ ಅದರಲ್ಲೇ ಬರುತ್ತದೆ.

ಬಣ್ಣ ಹೋಗುತ್ತದೆಯೇ ಅಂತ ಬಿಳಿ ಪಂಚೆ ತುಂಡು ಒದ್ದೆ ಮಾಡಿ ಉಜ್ಜಿ ನೋಡಿ. ಆಮೇಲೆ ಮರೆಯದೆ ಹಬೆ ಇಸ್ತ್ರಿ ಎರಡೂ ಕಡೆ ಆಡಿಸಿ, ಒಂದು ದಿನ ಮಲಗಿಸಿ ಒಣಗಿಸಿ. ಉಣ್ಣೆ ಅಂಟಿನ ನೀರು ಕುಡಿದು ಒಣಗುವಾಗ ಕುಗ್ಗುತ್ತದೆ. ಹಬೆ ಕೊಡದ ಬಟ್ಟೆ ಮಾರನೇ ದಿನಕ್ಕೆ ಮೂಲೆಗಳಲ್ಲಿ 3–4 ಮಿ.ಮೀ. ಹಿಂದೆ ಸರಿದು ಮರ ಕಾಣಿಸುತ್ತದೆ. ನವಿರಿನ ದಿಕ್ಕೂ ಮುಖ್ಯ. ಅಂಗೈ ಸವರಿ ನೋಡಿ, ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಎಲ್ಲ ತುಂಡಿನ ಹಿಂದೆ ಸೀಮೆಸುಣ್ಣದಲ್ಲಿ ಬಾಣ ಹಾಕಿ, ಎಲ್ಲವೂ ಒಂದೇ ಕಡೆ ಇರಲಿ. ತಪ್ಪಿದರೆ ಒಂದೇ ಥಾನಿನ ಬಟ್ಟೆ ಎರಡು ಬಣ್ಣದಂತೆ ಕಾಣುತ್ತದೆ.

ಅಂಟು ಮೈದಾದ್ದು. ಒಂದು ಲೋಟ ಮೈದಾಗೆ ಆರು ಲೋಟ ನೀರು. ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಕುದಿಯುವಾಗ ಸುರಿದು, ಸಣ್ಣ ಉರಿಯಲ್ಲಿ ಬಿಳಿ ಹೋಗಿ ಗಾಜಿನಂತಾಗುವವರೆಗೆ ಕೈಬಿಡದೆ ತಿರುವಿ. ಪೂರ್ತಿ ಆರಿದ ಮೇಲೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ಒಂದು ಎಚ್ಚರಿಕೆ: ಬೈಂಡಿಂಗ್ ಅಂಗಡಿಯ ಸಿದ್ಧ ಅಂಟು ತರಬೇಡಿ. ಹುಳ ಹಿಡಿಯಬಾರದು ಅಂತ ಅದಕ್ಕೆ ಮೈಲುತುತ್ತ ಬೆರೆಸುವ ರೂಢಿ ಇದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ತೇವದಲ್ಲಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವನ್ನು ಕರಗಿಸಿ ಅಲ್ಲಿ ತಾಮ್ರ ಕೂರಿಸುತ್ತದೆ, ಆ ಚುಕ್ಕೆಯ ಸುತ್ತ ತುಕ್ಕು ಗುಳಿ ಬೀಳುತ್ತದೆ. ಪಟಿಕವೂ ಆಮ್ಲೀಯ, ಅದೂ ಬೇಡ.

ಅಂಟನ್ನು ಮರಕ್ಕೆ ಹಚ್ಚಿ, ಬಟ್ಟೆಗಲ್ಲ. ತೆಳುವಾಗಿ ಬಳಿದು, ಬೆರಳಿಟ್ಟರೆ ಜಿಗಿ ಹಿಡಿಯುವಷ್ಟು ಆರಲು ಬಿಟ್ಟು, ಆಮೇಲೆ ಬಟ್ಟೆ ಇಟ್ಟು ನಡುವಿನಿಂದ ಅಂಚಿಗೆ ಚಮಚದ ಬೆನ್ನಲ್ಲಿ ಒತ್ತಿ. ಹಸಿ ಅಂಟಿನ ಮೇಲೆ ಒತ್ತಿದರೆ ಬಟ್ಟೆಯೊಳಗಿಂದ ಮೇಲೆ ಬಂದು ಕಪ್ಪು ಗಟ್ಟಿ ಕಲೆಯಾಗುತ್ತದೆ, ಯಾವ ಬ್ರಷ್‌ಗೂ ಹೋಗುವುದಿಲ್ಲ.

ಕ್ರಮ ಹೀಗೆ: ಮುಚ್ಚಳದ ಒಳಮೈ, ಕೆಳಗಿನ ಗೋಡೆಗಳು, ಆಮೇಲೆ ತಳ, ಕೊನೆಗೆ ಖಾನೆಗಳು. ಗೋಡೆಯ ಬಟ್ಟೆ ಬಾಯಂಚಿಗಿಂತ 2 ಮಿ.ಮೀ. ಕೆಳಗೇ ನಿಲ್ಲಲಿ. ಅಂಚಿನವರೆಗೂ ಬಂದರೆ ಹಿಂಜ್ ಕಡೆ ಬಟ್ಟೆ ಸಿಕ್ಕಿ ಮುಚ್ಚಳ ಮುಂದೆ ಬಾಯಿ ಬಿಡುತ್ತದೆ. ಖಾನೆಯ ಹಲಗೆ 6 ಮಿ.ಮೀ., ಬಟ್ಟೆ ಹೊದಿಸಿದ ಮೇಲೆ 8 ಅಂತ ಲೆಕ್ಕ. ಮೇಲಂಚನ್ನು ಅರ್ಧವೃತ್ತಕ್ಕೆ ಉಜ್ಜಿ, ಚೂಪಾದ ಅಂಚಿನ ಮೇಲೆ ಬಟ್ಟೆ ಬೇಗ ಸವೆಯುತ್ತದೆ. ಒಂದೇ ತುಂಡು ಬಟ್ಟೆ ಈ ಮುಖದಿಂದ ಮೇಲೆ ಹತ್ತಿ ಆ ಮುಖಕ್ಕೆ ಇಳಿಯಬೇಕು, ತಳದಲ್ಲಿ 5 ಮಿ.ಮೀ. ಬರಿ ಮರ ಬಿಡಿ, ಅಲ್ಲಿ ಅಂಟು ಹಿಡಿಯಬೇಕಲ್ಲ. ಎಲ್ಲ ಖಾನೆ ಒಣಗಿಸಿ, ಅಂಟಿಲ್ಲದೆ ಕೂರಿಸಿ, ಕೋವಿ ಇಟ್ಟು ತೆಗೆದು ನೋಡಿದ ಮೇಲೆಯೇ ಶಾಶ್ವತ ಮಾಡಿ. ನಳಿಗೆ ಎತ್ತಲು ಎರಡು ಕಡೆ ಬೆರಳು ಹೋಗುವ ಜಾಗ ಇರಲಿ, ಇಲ್ಲದಿದ್ದರೆ ಪ್ರತಿ ಸಲ ತುದಿ ಹಿಡಿದು ಎಬ್ಬಿಸುವ ಹಾಗಾಗುತ್ತದೆ.

ಮೈದಾ ಅಂಟು ಸಾಕಷ್ಟು ನೀರು ಹಿಡಿದಿರುತ್ತದೆ. ಮುಚ್ಚಳ ತೆರೆದು ಕನಿಷ್ಠ ಎರಡು ವಾರ ಒಣಗಿಸಿ. ನಂತರ ಸಣ್ಣ ತೇವಮಾಪಕ ಒಳಗಿಟ್ಟು ಒಂದು ರಾತ್ರಿ ಮುಚ್ಚಿ. ಒಳಗಿನ ಅಂಕಿ ಕೋಣೆಯದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಒಣಗಿಲ್ಲ ಅಂತಲೇ.

---

ಜೋಡುನಳಿಗೆ_ಜಯನಗರ

ತುಂಬಾ ಧನ್ಯವಾದಗಳು ಎಲ್ಲರಿಗೂ. ಕುದುರೆಯ ಕೆಳಗಿನ ದಿಮ್ಮಿಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಇನ್ನು ಕೆಲವು ಪ್ರಶ್ನೆ. ಅಳತೆಗೆ ಕೋವಿಯನ್ನು ಆಚಾರರ ಅಂಗಡಿಗೆ ಒಯ್ಯಬಹುದೇ? ಉಣ್ಣೆಗೆ ನುಸಿ ಹಿಡಿದರೆ? ಮಳೆಗಾಲದಲ್ಲೂ ಕೋವಿ ಪೆಟ್ಟಿಗೆಯಲ್ಲೇ ಇರಬಹುದೇ? ಮುಚ್ಚಳದ ಒಳಗೆ ಅಂಟಿಸಲು ಲಂಡನ್ ತಯಾರಕರ ಹಳೇ ಲೇಬಲ್ಲಿನ ನಕಲು ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಾಕಲೇ?

---

ನಳಿಗೆ_ಪರಂಪರೆ

ಕೋವಿಯನ್ನು ಅಂಗಡಿಗೆ ಒಯ್ಯಬೇಡಿ, ಅಲ್ಲಿ ಬಿಟ್ಟು ಬರುವುದಂತೂ ಬೇಡವೇ ಬೇಡ. 1959ರ ಆಯುಧ ಕಾಯ್ದೆಯ 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದವರ ವಶದಲ್ಲಿ ಬಂದೂಕು ಇರುವಂತಿಲ್ಲ. ನಿಮ್ಮ ಲೈಸೆನ್ಸ್ ಆಚಾರರಿಗೆ ರಕ್ಷಣೆ ಕೊಡುವುದಿಲ್ಲ, ಪಾಪ ಅವರು ಕೇಸಿಗೆ ಸಿಕ್ಕಿಕೊಳ್ಳುತ್ತಾರೆ. ಪುರಾತನ ಮೌಲ್ಯದ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ ಅಂತ ಕೆಲವರು ಹೇಳುತ್ತಾರೆ. ಅದು ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲಾಗದ ಸ್ಥಿತಿಯಲ್ಲಿರುವವಕ್ಕೆ ಮಾತ್ರ. ಕೇಪಿನ ಕೋವಿ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅದರಲ್ಲಿ ಬರುವುದಿಲ್ಲ. ಕೀಸುಳಿಯವರು ಹೇಳಿದ ಕಂದು ಕಾಗದದ ನಕ್ಷೆಯ ಮೇಲೆ ನಾಲ್ಕು ಕಡೆಯ ದಪ್ಪವನ್ನು ಬರೆದು, ಪದರ ಪದರವಾಗಿ ರಟ್ಟು ಅಂಟಿಸಿ ಕೋವಿಯ ಡಮ್ಮಿ ಮಾಡಿ. ಅಂಗಡಿಗೆ ಹೋಗಬೇಕಾದ್ದು ಅದು.

ಬಿಚ್ಚುವ ಮೊದಲು ನಳಿಗೆ ಖಾಲಿಯೇ ಅಂತ ನೋಡಿ. ತಲೆಮಾರುಗಳಿಂದ ಗೋಡೆಗೆ ತೂಗಿದ್ದ ಕೇಪಿನ ಕೋವಿಗಳಲ್ಲಿ ಮದ್ದು, ಚರೆ ಹಾಗೇ ಉಳಿದಿರುವುದುಂಟು. ಮರದ ಕೋಲನ್ನು ತಳ ಮುಟ್ಟುವವರೆಗೆ ಬಿಡಿ, ಮುಖ ನಳಿಗೆಯ ಎದುರು ಬಾರದಿರಲಿ. ಬಾಯಿ ಬಳಿ ಗುರುತು ಮಾಡಿ, ಅದೇ ಕೋಲನ್ನು ಹೊರಗೆ ನಳಿಗೆಯ ಪಕ್ಕ ಹಿಡಿಯಿರಿ. ತುದಿ ನಿಪ್ಪಲಿನ ಹತ್ತಿರ ಬಂದರೆ ಖಾಲಿ. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ, ಕೈ ಹಾಕದೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರನ್ನು ಕರೆಸಿ. ಜೋಡುನಳಿಗೆಯಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮಳೆಗಾಲಕ್ಕೆ ನನ್ನ ಉತ್ತರ ಸ್ಪಷ್ಟ: ಕೋವಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಉಣ್ಣೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಜುಲೈ, ಆಗಸ್ಟ್ ಬೆಳಗಿನಲ್ಲಿ ಗಾಳಿಯ ತೇವ 80 ಶೇಕಡಾ ದಾಟುತ್ತದೆ. ನಳಿಗೆ ಬಟ್ಟೆಗೆ ತಾಗಿದ ಗೆರೆಯುದ್ದಕ್ಕೂ ತುಕ್ಕಿನ ಪಟ್ಟೆ ಮೂಡುವುದು ಇದರಿಂದಲೇ. ಆ ತಿಂಗಳುಗಳಲ್ಲಿ ಬೀಗ ಹಾಕಿದ ಉಕ್ಕಿನ ಕಪಾಟಿನಲ್ಲಿ, ಗಾಳಿ ಆಡುವ ಹಾಗೆ ನಿಲ್ಲಿಸಿಡಿ. ಪೆಟ್ಟಿಗೆಯಲ್ಲೇ ಇಡಲೇಬೇಕಾದರೆ 100 ಗ್ರಾಂ ಸಿಲಿಕಾ ಜೆಲ್‌ನ ಎರಡು ಚೀಲ, ಲೋಹಕ್ಕೆ ತಾಗದ ಖಾನೆಯಲ್ಲಿ. ತೇವಮಾಪಕ 50ರ ಆಸುಪಾಸು ತೋರಿಸಬೇಕು. ಏರಿದಾಗ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಅತಿಯಾಗಿ ಒಣಗಿಸುವುದೂ ತಪ್ಪು, 35ಕ್ಕಿಂತ ಕೆಳಗಿಳಿದರೆ ಸ್ಟಾಕಿನ ಮರ ಕುಗ್ಗಿ ಲಾಕಿನ ಸುತ್ತ ಬಿರುಕು ಬಿಡುತ್ತದೆ. ಇನ್ನು ಎಣ್ಣೆ ಜಾಸ್ತಿ ಹಚ್ಚಿ ಇಡುವ ಅಭ್ಯಾಸ. ಎಣ್ಣೆಯೆಲ್ಲ ಬಟ್ಟೆಗಿಳಿದು ಕಪ್ಪು ಕಲೆಯಾಗುತ್ತದೆ, ಲೋಹ ಬರಿದಾಗುತ್ತದೆ. ಎಣ್ಣೆ ಪೂರ್ತಿ ಒರೆಸಿ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಹಚ್ಚಿ. ಸಂಗ್ರಹಾಲಯಗಳಲ್ಲಿ ಬಳಸುವ ರಿನೈಸಾನ್ಸ್ ವ್ಯಾಕ್ಸ್ ಇದೇ ಜಾತಿ. ಮುಟ್ಟುವಾಗ ಕೈಗವಸು ಇರಲಿ, ಬೆರಳಿನ ಬೆವರಲ್ಲಿ ಉಪ್ಪಿದೆ.

ನುಸಿಗೆ ನ್ಯಾಫ್ತಲೀನ್ ಗುಳಿಗೆ ಹಾಕಬೇಡಿ, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ಮತ್ತೆ ಹರಳಾಗಿ ವಸ್ತುಗಳ ಮೇಲೆ ಕೂರುತ್ತದೆ, ಕೆಲವು ಪಾಲಿಷ್‌ಗಳನ್ನು ಮೆತ್ತಗೆ ಮಾಡುತ್ತದೆ. ಅಂಟಿಸುವ ಮೊದಲೇ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬೇಡಿ. ಆಮೇಲೆ ತಿಂಗಳಿಗೊಮ್ಮೆ ತೆರೆದು ಮೃದು ಬ್ರಷ್ ಆಡಿಸಿದರೆ ಸಾಕು. ನುಸಿಗೆ ಬೇಕಾದ್ದು ಕತ್ತಲೆ ಮತ್ತು ಯಾರೂ ಮುಟ್ಟದ ಜಾಗ.

ಲೇಬಲ್ ದಯವಿಟ್ಟು ಹಾಕಬೇಡಿ. ಮ್ಯಾಂಟನ್, ವೆಸ್ಟ್ಲಿ ರಿಚರ್ಡ್ಸ್ ಥರದ ಹಳೇ ಇಂಗ್ಲಿಷ್ ಕೋವಿ ತಯಾರಕರ ಹೆಸರಿನ ನಕಲು ಚೀಟಿ ಅಂಟಿಸಿದ ಪೆಟ್ಟಿಗೆ ಮುಂದಿನ ತಲೆಮಾರಿಗೆ ಸುಳ್ಳು ದಾಖಲೆ ಆಗುತ್ತದೆ. ನಿಮ್ಮ ಕೋವಿ ಕಲ್ಕತ್ತಾದ ರೊಡ್ಡಾ ಅಂಥ ಕೋವಿ ಅಂಗಡಿಯಿಂದ ಬಂದದ್ದಿರಬಹುದು, ಬೇರೆ ಎಲ್ಲಿಂದಲೋ ಇರಬಹುದು. ನಳಿಗೆಯ ಮೇಲೆ, ಲಾಕಿನ ಮೇಲೆ ಕೊರೆದಿರುವುದೇ ಅದರ ನಿಜವಾದ ಗುರುತು. ತಳದ ಹಲಗೆಯ ಕೆಳಗೆ ಕಟ್ಟಿದ ವರ್ಷ, ಊರು, ಮರದ ಹೆಸರು ಉಳಿಯಿಂದ ಕೆತ್ತಿ. ಖಾನೆಯ ಮುಚ್ಚಳಗಳಿಗೆ ಹಳೇ ಪೆಟ್ಟಿಗೆಗಳಲ್ಲಿ ದಂತದ ಗುಬ್ಬಿ ಇರುತ್ತಿತ್ತು, ಈಗ ಅದನ್ನು ಹುಡುಕಲೂ ಬೇಡಿ, ದಂತದ ವ್ಯಾಪಾರ ಕಾನೂನುಬಾಹಿರ. ಚನ್ನಪಟ್ಟಣದ ಲೇತಿನವರ ಹತ್ತಿರ ಬೀಟೆ ಚೂರಿನಲ್ಲಿ ಕಡೆಸಿ, ಅರಗಿನ ಬಣ್ಣ ಬೇಡ ಅಂತ ಮೊದಲೇ ಹೇಳಿ.

---

ಕೀಸುಳಿ

ಹಿತ್ತಾಳೆ ಸಾಮಾನಿನ ಬಗ್ಗೆ ಒಂದು ಮಾತು ಉಳಿದಿದೆ. ಎಸ್.ಪಿ. ರಸ್ತೆ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಜೇಬಲ್ಲಿ ಅಯಸ್ಕಾಂತ ಇರಲಿ, ಹಿಡಿದರೆ ಅದು ಹಿತ್ತಾಳೆ ಲೇಪದ ಕಬ್ಬಿಣ. ಎರಡೂವರೆ ಇಂಚಿನ ಗಟ್ಟಿ ಹಿತ್ತಾಳೆ ಹಿಂಜ್ ಎರಡು, ಮುಂದೆ ಎರಡು ಕೊಕ್ಕೆ, ನಡುವೆ ಒಳಗೆ ಕೂರುವ ಪೆಟ್ಟಿಗೆ ಬೀಗ ಒಂದು. ಹಿತ್ತಾಳೆ ಸ್ಕ್ರೂವನ್ನು ನೇರ ಗಟ್ಟಿಮರಕ್ಕೆ ತಿರುಗಿಸಿದರೆ ಕತ್ತು ಮುರಿದು ಒಳಗೇ ಉಳಿಯುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಜೇನುಮೇಣ ಸವರಿ ಕೂರಿಸಿ. ಹಿಂಜ್, ಬೀಗ ಎಲ್ಲ ಕೂರಿಸಿ, ಮುಚ್ಚಳ ಸರಿಯಾಗಿ ಬೀಳುತ್ತದೆ ಅಂತ ನೋಡಿ, ಮತ್ತೆ ಬಿಚ್ಚಿ ಪಾಲಿಷ್ ಮಾಡಿ, ಬಟ್ಟೆ ಅಂಟಿಸುವುದು ಅದಾದ ಮೇಲೆ. ಬಟ್ಟೆ ಹಾಕಿದ ಪೆಟ್ಟಿಗೆಯಲ್ಲಿ ಉಳಿ ಹಿಡಿದರೆ ಮರದ ಪುಡಿ ಉಣ್ಣೆಯೊಳಗೆ ಸೇರಿಕೊಂಡು ಬಿಡುತ್ತದೆ, ಸ್ಪಿರಿಟ್ ಹನಿ ಬಿದ್ದರೆ ಹಸಿರು ಬಣ್ಣ ಹರಡುತ್ತದೆ. ಮುಚ್ಚಳ 95 ಡಿಗ್ರಿಗಿಂತ ಹಿಂದಕ್ಕೆ ಬೀಳದ ಹಾಗೆ ಹತ್ತಿಯ ನಾಡಾ ಪಟ್ಟಿ ಎರಡು ಕಡೆ, ಬಟ್ಟೆಯ ಅಡಿಯಲ್ಲಿ ತುದಿ ಸಿಕ್ಕಿಸಿ, ಸಣ್ಣ ಹಿತ್ತಾಳೆ ಸ್ಕ್ರೂನಲ್ಲಿ ಬಿಗಿಯಿರಿ. ಬರೀ ಹಿಂಜ್ ಮೇಲೆ ಭಾರ ಬಿಟ್ಟರೆ ಹಿಂಬದಿಯ 12 ಮಿ.ಮೀ. ಅಂಚು ಸ್ಕ್ರೂ ಸಮೇತ ಸೀಳಿ ಬರುತ್ತದೆ.